ಸ್ಪೋರ್ಟ್ಸ್ ಕಾರಾ, ಬೈಕಾ? ವೇಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಸೇಡಂ ರಸ್ತೆಯಲ್ಲಿ ನಾನು ಗ್ಯಾರೇಜ್ ಇಟ್ಟು 19 ವರ್ಷ ಆಯಿತು. ಬೈಕ್ ಕೆಲಸ ಜಾಸ್ತಿ, ಕಾರೂ ಬರುತ್ತವೆ. ಗಾಡಿ ಸರ್ವಿಸ್‌ಗೆ ಬಿಟ್ಟು ಚಹಾ ಕುಡಿಯುತ್ತ ಕೂರುವ ಹುಡುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಇರುತ್ತವೆ. ಅವರ ಅಪ್ಪ, ಕಾಕಾ ಬಂದಾಗ ಕೇಳುವುದೂ ಅವೇ, ಆದರೆ ಹೆದರಿಕೆಯಿಂದ ಕೇಳುತ್ತಾರೆ. ಇಬ್ಬರಿಗೂ ಬಾಯಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

ಅಣ್ಣಾ, ಯಾವುದು ಫಾಸ್ಟ್? ಸೂಪರ್ ಬೈಕಾ, ಸ್ಪೋರ್ಟ್ಸ್ ಕಾರಾ?

ಎಷ್ಟು ದೂರ ಓಡಿಸುತ್ತೀರಿ, ರಸ್ತೆ ನೇರ ಇದೆಯಾ ತಿರುವು ಇದೆಯಾ, ಅದರ ಮೇಲೆ ಉತ್ತರ ಬದಲಾಗುತ್ತದೆ. ನಿಂತಲ್ಲಿಂದ 100 ಮುಟ್ಟುವ ತನಕ ಇಬ್ಬರೂ ಸಮಸಮ. ಸುಜುಕಿ ಹಯಬುಸಾ ಸುಮಾರು 3 ಸೆಕೆಂಡಿನಲ್ಲಿ 100 ಮುಟ್ಟುತ್ತದೆ. ಪೋರ್ಷೆ 911 ಟರ್ಬೊ ಎಸ್ ಕಾರಿನ 650 ಪಿಎಸ್ (ಪಿಎಸ್ ಅಂದರೆ ಇಂಜಿನ್ ಶಕ್ತಿಯ ಅಳತೆ) ಮಾಡೆಲ್‌ಗೆ 2.7 ಸೆಕೆಂಡ್ ಸಾಕು. ಬೆಲೆ ಮಾತ್ರ ಎಲ್ಲಿಂದೆಲ್ಲಿಗೋ. ಬೈಕ್ 17 ಲಕ್ಷದ ಆಸುಪಾಸು, ಕಾರು 3 ಕೋಟಿ ದಾಟುತ್ತದೆ.

ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ಪಿಕಪ್ ಹೇಗೆ ಬರುತ್ತದೆ ಅಂದರೆ, ತೂಕದಿಂದ. ಹಯಬುಸಾ 190 ಪಿಎಸ್, ತೂಕ 264 ಕೆಜಿ. 75 ಕೆಜಿ ಮನುಷ್ಯ ಕೂತರೆ ಒಂದೊಂದು ಪಿಎಸ್ ಸುಮಾರು 1.8 ಕೆಜಿ ಎಳೆಯಬೇಕು. ಆ ಪೋರ್ಷೆಯಲ್ಲಿ ಒಂದೊಂದು ಪಿಎಸ್ 2.6 ಕೆಜಿ ಎಳೆಯಬೇಕು. ನಮ್ಮ ಕೈಗೆ ಎಟಕುವ ಗಾಡಿಗಳಲ್ಲೂ ಇದೇ ಲೆಕ್ಕ. ಸುಮಾರು 3 ಲಕ್ಷದ 390 ಡ್ಯೂಕ್ ಬೈಕಿನಲ್ಲಿ ಒಂದು ಪಿಎಸ್‌ಗೆ 5.3 ಕೆಜಿ ಬೀಳುತ್ತದೆ. 70 ಲಕ್ಷ ದಾಟುವ ಬಿಎಂಡಬ್ಲ್ಯು ಎಂ340ಐ ಕಾರಿನಲ್ಲೂ ಅದು 5ರ ಹತ್ತಿರವೇ ಇದೆ. ಅಂದರೆ 70 ಲಕ್ಷದ ಕಾರಿನ ಪಿಕಪ್ಪು 22 ವರ್ಷದ ಹುಡುಗನ ಕೈಗೆ ಕಂತಿನಲ್ಲಿ ಸಿಗುತ್ತಿದೆ. ಆ ಕಾರಿನ ಜೊತೆ ಬರುವ ಏರ್‌ಬ್ಯಾಗ್, ಬೆಲ್ಟ್, ಉಕ್ಕಿನ ಬಾಡಿ ಮಾತ್ರ ಸಿಗುತ್ತಿಲ್ಲ.

ಹಾಗಾದ್ರೆ ರೇಸ್ ಟ್ರ್ಯಾಕ್‌ನಲ್ಲಿ ಬೈಕೇ ಗೆಲ್ಲಬೇಕಲ್ವಾ?

ಗೆಲ್ಲುವುದಿಲ್ಲ. ನಮ್ಮ ದೇಶದಲ್ಲೇ ಉದಾಹರಣೆ ಇದೆ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ 2011ರಲ್ಲಿ ಫಾರ್ಮುಲಾ ಒನ್ ನಡೆದಾಗ ಸೆಬಾಸ್ಟಿಯನ್ ವೆಟ್ಟೆಲ್ ಒಂದು ಸುತ್ತನ್ನು 1 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿ ಮೊದಲ ಸ್ಥಾನದಿಂದ ಹೊರಟಿದ್ದರು. 2023ರಲ್ಲಿ ಅಲ್ಲೇ ಬೈಕ್‌ಗಳ ದೊಡ್ಡ ರೇಸ್ ಮೋಟೊಜಿಪಿ ನಡೆಯಿತು. ಟ್ರ್ಯಾಕನ್ನು ಬೈಕಿಗೆಂದು ಅಲ್ಲಲ್ಲಿ ಸ್ವಲ್ಪ ಬದಲಿಸಿದ್ದರು, ಆದರೂ ಮೊದಲ ಸ್ಥಾನದಿಂದ ಹೊರಟ ಮಾರ್ಕೊ ಬೆಜ್ಜೆಕಿಗೆ ಸುಮಾರು 1 ನಿಮಿಷ 44 ಸೆಕೆಂಡ್ ಬೇಕಾಯಿತು. ಟ್ರ್ಯಾಕ್ ರೇಸಿನ ಅತಿ ವೇಗದ ಬೈಕ್ ಅದು, ಆದರೂ ಒಂದೇ ಸುತ್ತಿನಲ್ಲಿ ಸುಮಾರು 20 ಸೆಕೆಂಡ್ ಹಿಂದೆ.

ಈ ವ್ಯತ್ಯಾಸ ಬರುವುದು ತಿರುವಿನಲ್ಲಿ ಮತ್ತು ಬ್ರೇಕಿನಲ್ಲಿ. ರೇಸ್ ಕಾರಿಗೆ ನಾಲ್ಕು ಅಗಲ ಟೈರು, ಮೇಲಿಂದ ಗಾಳಿಯೂ ಅದನ್ನು ನೆಲಕ್ಕೆ ಒತ್ತುತ್ತದೆ. ಬೈಕಿನ ಒಂದು ಟೈರು ರಸ್ತೆಗೆ ತಾಗುವ ಜಾಗ ಎಟಿಎಂ ಕಾರ್ಡಿನಷ್ಟು. ಎರಡು ಟೈರು ಸೇರಿದರೆ ಎರಡು ಕಾರ್ಡು, ಅಷ್ಟೇ. ಜೋರಾಗಿ ಬ್ರೇಕ್ ಹಿಡಿದರೆ ಹಿಂದಿನ ಚಕ್ರ ಎದ್ದು ಬಿಡುತ್ತದೆ, ಅದಕ್ಕಿಂತ ಜಾಸ್ತಿ ಹಿಡಿಯಲು ಆಗುವುದಿಲ್ಲ. ನೇರ ರಸ್ತೆಯಲ್ಲಿ ಕಾರನ್ನು ಹಿಂದೆ ಹಾಕಿದ ಬೈಕ್ ತಿರುವಿನಲ್ಲಿ ಅದರ ಜೊತೆ ಹೋಗಲಾರದು. ಇದನ್ನು ಮರೆತ ಹುಡುಗರೇ ಕಮಲಾಪುರ ದಾಟಿದ ಮೇಲಿನ ತಿರುವುಗಳಲ್ಲಿ ಕಾರಿನ ಬೆನ್ನು ಹತ್ತಿ ರಸ್ತೆ ಬಿಟ್ಟು ಹೊಲಕ್ಕೆ ಇಳಿಯುತ್ತಾರೆ.

ಟಾಪ್ ಸ್ಪೀಡ್?

ಬುಗಾಟಿ ಶಿರಾನ್‌ನ ಒಂದು ಕಾರು 2019ರಲ್ಲಿ ಟೆಸ್ಟ್ ಟ್ರ್ಯಾಕ್ ಮೇಲೆ ಗಂಟೆಗೆ 490 ಕಿಮೀ ಮುಟ್ಟಿತು. ಟರ್ಕಿಯ ರೇಸರ್ ಕೆನಾನ್ ಸೊಫುವೊಗ್ಲು 2016ರಲ್ಲಿ ಕವಾಸಾಕಿ ಎಚ್2ಆರ್ ಬೈಕ್ ಮೇಲೆ, ಬೇರೆ ಗಾಡಿ ಬಿಡದ ಸೇತುವೆಯಲ್ಲಿ 400 ಮುಟ್ಟಿದರು. ರಸ್ತೆಗೆ ಮಾರುವ ಬೈಕ್‌ಗಳು ಸಾಮಾನ್ಯವಾಗಿ 299ಕ್ಕೆ ನಿಲ್ಲುತ್ತವೆ. 1999ರಲ್ಲಿ ಹಯಬುಸಾ 300 ದಾಟಿದ ಮೇಲೆ, ಈ ಪೈಪೋಟಿ ಬೇಡ ಎಂದು ಕಂಪನಿಗಳೇ ತಮ್ಮ ತಮ್ಮಲ್ಲಿ ಮಾತಾಡಿಕೊಂಡವು.

ನಮ್ಮ ರಸ್ತೆಗೆ ಬೇಕಾದ ಅಂಕಿ ಬೇರೆ. ಕೇಂದ್ರ ಸರ್ಕಾರ 2018ರಲ್ಲಿ ಹಾಕಿದ ಮಿತಿಯಲ್ಲಿ ಬೈಕಿಗೆ ನಾಲ್ಕು ಲೇನ್ ಹೈವೇಯಲ್ಲಿ 80, ಬೇರೆ ರಸ್ತೆಗಳಲ್ಲಿ 60.

ನಂದು ಬರೀ 150 ಸಿಸಿ. ಇದೆಲ್ಲ ದೊಡ್ಡ ಬೈಕ್‌ನವರ ತಲೆನೋವು ಅಲ್ವಾ?

ಅಲ್ಲ. ನಿಮ್ಮ 150 ಸಿಸಿ ಬೈಕೂ 110 ಹೋಗುತ್ತದೆ. ಬಿದ್ದಾಗ ರಸ್ತೆ ಇಂಜಿನ್ ಸೈಜ್ ಕೇಳುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. 60ರಲ್ಲಿ ಹೋಗುವಾಗ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತೀರಿ. 120ರಲ್ಲಿ 33 ಮೀಟರ್. ಎದುರಿಗೆ ಎಮ್ಮೆ ಕಂಡು, ತಲೆಗೆ ಹೊಳೆದು, ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕೇ ಬೇಕು. ಆ ಸೆಕೆಂಡಿನಲ್ಲಿ ಬ್ರೇಕೇ ಹತ್ತಿರುವುದಿಲ್ಲ. ಆಮೇಲೆ ಒಣ ಡಾಂಬರಿನಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ 60ರಿಂದ ನಿಲ್ಲಲು ಸುಮಾರು 20 ಮೀಟರ್ ಬೇಕು. 120 ಅಂದರೆ ವೇಗ ಎರಡು ಪಟ್ಟು, ಆದರೆ ನಿಲ್ಲಲು ಬೇಕಾದ ಜಾಗ ನಾಲ್ಕು ಪಟ್ಟು, 80 ಮೀಟರ್. ಒಟ್ಟು ಕೂಡಿಸಿದರೆ 37 ಮೀಟರ್‌ ಎಲ್ಲಿ, 113 ಮೀಟರ್ ಎಲ್ಲಿ! ರಾತ್ರಿ ಡಿಪ್ ಲೈಟಿನಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ.

ಬೈಕ್ ನಿಜವಾಗಲೂ ಅಷ್ಟು ಅಪಾಯಾನಾ, ಇಲ್ಲ ದೊಡ್ಡವರು ಸುಮ್ನೆ ಹೆದರಿಸ್ತಾರಾ?

ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 100ಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,000 ದಾಟಿದ್ದಾರೆ. ಅಮೆರಿಕದಲ್ಲಿ ಓಡಿದ ದೂರಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ. ಅಲ್ಲಿ ಬೈಕ್ ಸವಾರ ಸಾಯುವ ಅಪಾಯ ಕಾರಿನಲ್ಲಿ ಇರುವವರಿಗಿಂತ 20 ಪಟ್ಟಿಗೂ ಜಾಸ್ತಿ. ಅಷ್ಟು ಒಳ್ಳೆ ರಸ್ತೆ ಇರುವ ಕಡೆ ಇದು. ದೊಡ್ಡವರ ಹೆದರಿಕೆ ಸುಳ್ಳಲ್ಲ.

ನನ್ನ ಮಾತಲ್ಲಿ ಹೇಳಬೇಕು ಅಂದರೆ, ಕಾರು ತಪ್ಪಿಗೆ ಸ್ವಲ್ಪ ಜಾಗ ಕೊಡುತ್ತದೆ. ಬೈಕ್ ಕೊಡುವುದಿಲ್ಲ. ನಿಮ್ಮ ತಪ್ಪಿಗೂ ಇಲ್ಲ, ಎದುರಿನವನ ತಪ್ಪಿಗೂ ಇಲ್ಲ, ಯಾರದ್ದೂ ತಪ್ಪಿಲ್ಲದಿದ್ದರೂ ಇಲ್ಲ.

ನೀವು ಬಿದ್ದಿದ್ದೀರಾ?

ಬಿದ್ದಿದ್ದೇನೆ. 2014ರ ಜನವರಿ. ಹುಮನಾಬಾದ್‌ನಿಂದ ಒಬ್ಬನೇ ವಾಪಸ್ ಬರುತ್ತಿದ್ದೆ, 200 ಸಿಸಿ ಬೈಕ್. ಸಂಜೆ ಹೊತ್ತು, ಇಳಿ ಸೂರ್ಯ ಸರಿಯಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಮೀಟರಿನಲ್ಲಿ 75 ಇತ್ತು. ಕಮಲಾಪುರಕ್ಕೆ ಇನ್ನೂ ಸ್ವಲ್ಪ ದೂರ. ಆ ದಿನಗಳಲ್ಲಿ ತೊಗರಿ ರಾಶಿ ನಡೆದಿರುತ್ತದೆ, ಊರ ಹತ್ತಿರ ರಸ್ತೆ ಮೇಲೆ ಹೊಟ್ಟು ಹರಡಿರುತ್ತದೆ. ನನಗೆ ಅದು ಗೊತ್ತಿತ್ತು. ಆದರೂ ಬಿಸಿಲಿನಲ್ಲಿ ಹೊಟ್ಟಿನ ಬಣ್ಣ ಮತ್ತು ಡಾಂಬರಿನ ಬಣ್ಣ ಒಂದೇ ಆಗಿ ಕಂಡಿತು.

ನನ್ನ ಮುಂದೆ ಒಂದು ಬಿಳಿ ಕಾರು ಇತ್ತು. ಅದು ಆ ಹೊಟ್ಟಿನ ಮೇಲೆ ಹಾಯಿತು. ಹೊಟ್ಟು ಹಿಂದೆ ಹಾರಿತು, ಕಾರು ಒಂಚೂರೂ ಅಲ್ಲಾಡಲಿಲ್ಲ. ಒಳಗಿದ್ದವರಿಗೆ ಏನೂ ಗೊತ್ತೂ ಆಗಿರಲಿಕ್ಕಿಲ್ಲ. ಹಾರಿದ ಹೊಟ್ಟು ನೋಡಿ ನಾನು ಗಾಬರಿಯಲ್ಲಿ ಬ್ರೇಕ್ ಹಿಡಿದೆ. ಮುಂದಿನ ಚಕ್ರ ಎಡಕ್ಕೆ ಜಾರಿತು. ಆಮೇಲೆ ನೆನಪಿರುವುದು ಸಪ್ಪಳ ಮಾತ್ರ, ಹೆಲ್ಮೆಟ್ ಡಾಂಬರಿಗೆ ಉಜ್ಜುವ ಸಪ್ಪಳ, ತಲೆಯೊಳಗೇ ಆದ ಹಾಗೆ.

ಎಡ ಹೆಗಲ ಮುಂದಿನ ಮೂಳೆ ಮುರಿಯಿತು. ಮೊಣಕಾಲ ಚರ್ಮ ಹೋಯಿತು. ಆ ಹೆಲ್ಮೆಟ್ ಈಗಲೂ ಗ್ಯಾರೇಜ್‌ನಲ್ಲಿ ಸ್ಪ್ಯಾನರ್ ಬೋರ್ಡಿನ ಪಕ್ಕ ತೂಗುಹಾಕಿದ್ದೇನೆ. ಗದ್ದದ ಭಾಗದಲ್ಲಿ ಬೆರಳು ಇಡುವಷ್ಟು ಆಳ ತೇದಿದೆ. ಹುಡುಗರು ಕೇಳಿದಾಗ ಅಲ್ಲಿ ಬೆರಳಿಟ್ಟು ನೋಡಿ ಅನ್ನುತ್ತೇನೆ. ಅರ್ಧ ಹೆಲ್ಮೆಟ್ ಹಾಕಿದ್ದರೆ ಅಲ್ಲಿ ತೇಯುತ್ತಿದ್ದುದು ನನ್ನ ದವಡೆ.

ನಮ್ಮ ಕಡೆ ರಸ್ತೆಯಲ್ಲಿ ಯಾವುದಕ್ಕೆ ಜಾಸ್ತಿ ಹುಷಾರಾಗಿರಬೇಕು?

ಊರು, ತಿಂಗಳು ನೋಡಿ ಅಪಾಯ ಬದಲಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ತೊಗರಿ. ಆಮೇಲೆ ಜೋಳ. ಹೊಟ್ಟಿನ ಜೊತೆಗೆ, ರಾಶಿಗೆ ಗಾಡಿ ಹತ್ತದಿರಲಿ ಅಂತ ಸುತ್ತ ಇಟ್ಟ ಕಲ್ಲುಗಳೂ ಇರುತ್ತವೆ. ರಾಶಿ ತೆಗೆದುಕೊಂಡು ಹೋದ ಮೇಲೂ ಕಲ್ಲು ಅಲ್ಲೇ ಉಳಿಯುತ್ತದೆ. ರಾತ್ರಿ ಅದು ಕಾಣುವುದಿಲ್ಲ. ರೈತರಿಗೆ ಬೇರೆ ಕಣ ಇಲ್ಲ ಅನ್ನುವುದು ನನಗೂ ಗೊತ್ತು. ಆದರೆ ಕಲ್ಲನ್ನು ಮಾತ್ರ ದಯವಿಟ್ಟು ತೆಗೆದುಹೋಗಿ ಅಂತ ಎಲ್ಲರ ಹತ್ತಿರ ಕೇಳಿಕೊಳ್ಳುತ್ತೇನೆ.

ಆಳಂದ, ಅಫಜಲಪುರ, ಬೀದರ್ ಕಡೆ ಕಬ್ಬಿನ ಟ್ರ್ಯಾಕ್ಟರು. ಒಂದು ಇಂಜಿನ್, ಹಿಂದೆ ಎರಡು ಟ್ರಾಲಿ, ಹಿಂಬದಿ ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಕತ್ತಲಲ್ಲಿ ಹತ್ತಿರ ಹೋಗುವ ತನಕ ಅದು ರಸ್ತೆಯೇ ಅನಿಸುತ್ತದೆ. ಶಹಾಪುರ, ಸುರಪುರದ ಕಡೆ ಹತ್ತಿ ಹೇರಿದ ಗಾಡಿಗಳು ಅರ್ಧ ರಸ್ತೆ ತುಂಬಿಕೊಂಡು ಬರುತ್ತವೆ. ವಾಡಿ, ಚಿತ್ತಾಪುರ, ಮಳಖೇಡ, ಸೇಡಂ ಕಡೆ ಸಿಮೆಂಟ್ ಲಾರಿ, ಶಹಾಬಾದ್ ಕಡೆ ಪರಸಿ ಕಲ್ಲಿನ ಲಾರಿ. ಇವುಗಳ ಹಿಂದೆ ಅಂಟಿಕೊಂಡು ಹೋಗಬೇಡಿ. ಲಾರಿಯ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ ಅಂತ ಲೆಕ್ಕ.

ಮೊದಲ ಮಳೆ ಇನ್ನೊಂದು ಗಂಡಾಂತರ. ಹೊಲದಿಂದ ಹತ್ತಿದ ಟ್ರ್ಯಾಕ್ಟರ್ ಚಕ್ರ ಎರೆ ಮಣ್ಣನ್ನು ಡಾಂಬರಿಗೆ ತರುತ್ತದೆ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ಸಾಬೂನಿನ ಹಾಗೆ. ಜೋರು ಮಳೆಗಿಂತ ತುಂತುರು ಮಳೆಯೇ ಕೆಟ್ಟದ್ದು, ಜೋರು ಮಳೆ ಮಣ್ಣನ್ನು ತೊಳೆದಾದರೂ ಬಿಡುತ್ತದೆ.

ಹುಮನಾಬಾದ್ ಮುಟ್ಟಿ ಹೈದರಾಬಾದ್–ಸೊಲ್ಲಾಪುರ ಹೈವೇ ಹತ್ತಿದರೆ ನಾಲ್ಕು ಲೇನ್, ಕೈ ತಾನಾಗಿಯೇ ಎಕ್ಸಿಲೇಟರ್ ತಿರುಗಿಸುತ್ತದೆ. ಅಲ್ಲಿ ಎದುರಿನಿಂದ ರಾಂಗ್ ಸೈಡಲ್ಲಿ ಬರುವವರು, ಡಿವೈಡರ್ ಸಂದಿಯಿಂದ ದಿಢೀರ್ ಅಂತ ಹೊರಡುವ ಟಂಟಂ ಆಟೊ, ಇವೆರಡನ್ನು ನಿರೀಕ್ಷಿಸಿಯೇ ಓಡಿಸಿ.

ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಆಗುತ್ತೆ ಅಂತಾರೆ. ಹೌದಾ?

ಈ ಒಂದು ಮಾತಿನಿಂದ ಎಷ್ಟು ಜನ ಗುದ್ದಿಕೊಂಡಿದ್ದಾರೋ. ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಬ್ರೇಕ್ ಹಾಕಿದರೆ ಅದು ಲಾಕ್ ಆಗಿ ಎಳೆದುಕೊಂಡು ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಒಂದು ಭಾನುವಾರ ಊರ ಹೊರಗಿನ ಖಾಲಿ ಲೇಔಟ್‌ನಲ್ಲಿ ನಮ್ಮ ಹುಡುಗರಿಗೆ ಇದನ್ನು ಮಾಡಿಯೇ ತೋರಿಸಿದೆ. ಸುಣ್ಣದಲ್ಲಿ ಗೆರೆ ಎಳೆದು, 40ರಲ್ಲಿ ಬಂದು, ಗೆರೆ ಮೇಲೆ ಬ್ರೇಕ್. ಕಾಲಿನ ಬ್ರೇಕ್ ಒಂದೇ ಹಿಡಿದಾಗ ನಿಲ್ಲಲು 24 ಹೆಜ್ಜೆ. ಎರಡೂ ಸೇರಿಸಿ ಹಿಡಿದಾಗ 12. ಹೆಜ್ಜೆ ಎಣಿಸಿದ ಹುಡುಗ ಎರಡು ಸಲ ಎಣಿಸಿದ.

ಮುಂದಿನದನ್ನು ಒಮ್ಮೆಲೇ ಹಿಂಡಬಾರದು. ಲಿಂಬೆಹಣ್ಣು ಹಿಂಡಿದ ಹಾಗೆ, ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ. ಹ್ಯಾಂಡಲ್ ನೇರ ಇರಬೇಕು. ಹೊಟ್ಟು, ಮರಳು, ಕೆಸರು ಇದ್ದಲ್ಲಿ ಅದರ ಮೇಲೆ ಹೋದ ಮೇಲೆ ಬ್ರೇಕ್ ಬೇಡ, ಹೋಗುವ ಮೊದಲೇ ವೇಗ ಇಳಿಸಿ. 2014ರಲ್ಲಿ ನಾನು ಮಾಡಿದ ತಪ್ಪು ಇದೇ.

ಎಬಿಎಸ್ ಇದ್ರೆ ಚಿಂತೆ ಇಲ್ಲ ಅಲ್ವಾ?

ಚಕ್ರ ಲಾಕ್ ಆಗದ ಹಾಗೆ ಅದು ನೋಡಿಕೊಳ್ಳುತ್ತದೆ, ದೊಡ್ಡ ಉಪಕಾರ. 125 ಸಿಸಿ ಮೇಲಿನ ಹೊಸ ಬೈಕ್‌ಗಳಿಗೆಲ್ಲ 2019ರ ಏಪ್ರಿಲ್‌ನಿಂದ ಕಡ್ಡಾಯ. ಆದರೆ ಸವೆದು ಬೋಳಾದ ಟೈರಿಗೆ ಅದು ಗ್ರಿಪ್ ತಂದುಕೊಡುವುದಿಲ್ಲ. ಗಾಡಿ ಕೊಳ್ಳುವಾಗ ಎಬಿಎಸ್ ಒಂದು ಚಕ್ರಕ್ಕಾ, ಎರಡಕ್ಕಾ ಅಂತ ಕೇಳಿ.

ಮೇ ತಿಂಗಳ ಬಿಸಿಲಲ್ಲಿ ಫುಲ್ ಹೆಲ್ಮೆಟ್ ಹೇಗೆ ಹಾಕೋದು?

ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. 42, 43 ಡಿಗ್ರಿಯಲ್ಲಿ ಒಳಗೆ ಬೆವರು ಸುರಿಯುತ್ತದೆ. ಅದಕ್ಕೆ ದಾರಿ ಏನೆಂದರೆ ಬೆಳಗ್ಗೆ 6ಕ್ಕೆ ಹೊರಟು 10ರೊಳಗೆ ಊರು ಸೇರುವುದು. ಗಾಳಿ ಕಿಂಡಿ ಇರುವ ಹೆಲ್ಮೆಟ್ ತಗೊಳ್ಳಿ, ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ, ಅದು ಬೆವರು ಹೀರುತ್ತದೆ. ನೀರು ಕುಡಿಯುತ್ತ ಹೋಗಿ. ಬಿಸಿಲಿಗೆ ತಲೆ ಸುತ್ತುತ್ತಿದ್ದರೆ ಬೇವಿನ ಮರದ ಕೆಳಗೆ ಗಾಡಿ ಹಾಕಿ ಕೂತುಬಿಡಿ.

ಹೆಲ್ಮೆಟ್ ಹಾಕುವುದರಿಂದ ಸಾಯುವ ಅಪಾಯ ಸುಮಾರು 42 ಶೇಕಡಾ, ತಲೆಗೆ ಪೆಟ್ಟಾಗುವ ಅಪಾಯ ಸುಮಾರು 69 ಶೇಕಡಾ ಕಡಿಮೆ ಆಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಸೇರಿಸಿ ನೋಡಿದವರು ಕಂಡಿದ್ದಾರೆ. ಐಎಸ್‌ಐ ಗುರುತು, ಜೊತೆಗೆ ಐಎಸ್ 4151 ಅನ್ನುವ ನಂಬರ್ ಇದೆಯಾ ನೋಡಿ. ರಸ್ತೆ ಬದಿ 200 ರೂಪಾಯಿಗೆ ಸಿಗುವುದು ಪ್ಲಾಸ್ಟಿಕ್ ಬುಟ್ಟಿ. ಹಾಕಿಕೊಂಡು ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಎತ್ತಿ ನೋಡಿ. ಮುಂದಕ್ಕೆ ಕಳಚಿ ಬಂದರೆ ಆ ಸೈಜ್ ನಿಮ್ಮದಲ್ಲ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕಬೇಡಿ, ಒಳಗಿನ ಥರ್ಮೊಕೋಲ್ ಒಮ್ಮೆ ಮಾತ್ರ ಕೆಲಸ ಮಾಡುತ್ತದೆ.

ಕಾರಿನಲ್ಲಿ ಎಷ್ಟು ಸ್ಪೀಡ್ ಹೋದ್ರೂ ನಡೆಯುತ್ತಾ?

ನಡೆಯುವುದಿಲ್ಲ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್‌ನಲ್ಲಿ ಒಳ್ಳೆಯ ಕಾರಿನಲ್ಲೇ ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ. ಕಾರು ಕೊಡುವ ಜಾಗ ಬೆಲ್ಟ್ ಹಾಕಿದವರಿಗೆ ಮಾತ್ರ. ಇನ್ನೊಂದು ಮಾತು: ವೇಗದ ಕಾರಿನ ತಪ್ಪಿಗೆ ಬಲಿಯಾಗುವವರು ಬಹಳ ಸಲ ಹೊರಗಿನವರು, ಬೈಕಿನವರು, ನಡೆದು ಹೋಗುವವರು.

ಮಗನಿಗೆ 16. ಪಿಯುಸಿಗೆ ಬೈಕ್ ಬೇಕೇ ಬೇಕು ಅಂತಾನೆ. ಏನು ಮಾಡಲಿ?

ಕೊಡಿಸಬೇಡಿ. ಗೇರ್ ಬೈಕಿನ ಲೈಸೆನ್ಸ್ 18ಕ್ಕೆ. ಅದಕ್ಕಿಂತ ಮೊದಲು ಓಡಿಸಿ ಅಪರಾಧವಾದರೆ 2019ರ ತಿದ್ದುಪಡಿ ಪ್ರಕಾರ ಪೋಷಕರಿಗೋ ಗಾಡಿ ಮಾಲೀಕರಿಗೋ 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷದ ತನಕ ಲೈಸೆನ್ಸ್ ಇಲ್ಲ.

ಕಾನೂನು ಬಿಡಿ. ನಿಮ್ಮ ಮಗ ಒಳ್ಳೆಯ ಹುಡುಗನೇ ಇರಬಹುದು, ಆದರೆ ಹಿಂದೆ ಇಬ್ಬರು ಗೆಳೆಯರು ಕೂತಾಗ ಅವನು ಬೇರೆ ಹುಡುಗ. 18 ಆದ ಮೇಲೆ ಕೊಡಿಸುವಾಗ 125 ಸಿಸಿಯಿಂದ ಶುರು ಮಾಡಿ. ಮೊದಲ ಒಂದು ವರ್ಷ ಹಿಂದೆ ಯಾರನ್ನೂ ಕೂರಿಸಬೇಡ ಅಂತ ಹೇಳಿ. ಬಜೆಟ್‌ನಲ್ಲಿ ಹೆಲ್ಮೆಟ್, ಗ್ಲೌಸ್, ಶೂಗಳ ದುಡ್ಡು ಮೊದಲೇ ತೆಗೆದಿಡಿ.

ಹಿಂದೆ ಕೂರುವವರು?

ಅವರಿಗೂ ಹೆಲ್ಮೆಟ್. ಸೀರೆ ಗಾರ್ಡ್ ಬಿಚ್ಚಿಸಬೇಡಿ. ಚಂದ ಕಾಣಲಿ ಅಂತ ಬಿಚ್ಚಿಸಲು ಬರುವವರಿಗೆ ನಾನು ಬಿಚ್ಚಿ ಕೊಡುವುದಿಲ್ಲ. ದುಪ್ಪಟ್ಟಾ, ಸೆರಗು ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೇ ಬರುತ್ತದೆ. ಕಟ್ಟಿಕೊಂಡು ಕೂರಲಿ.

ರೇಸ್ ಆಸೆ ಇದೆ ಅಣ್ಣಾ. ರಾತ್ರಿ ರಿಂಗ್ ರೋಡ್ ಖಾಲಿ ಇರುತ್ತಲ್ಲ?

ಖಾಲಿ ಇರುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಸೈಕಲ್ ಮೇಲೆ ಬರುವವರು ಇರುತ್ತಾರೆ, ನಾಯಿ ಇರುತ್ತವೆ. ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೇ 3 ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ದಂಡ.

ಆಸೆ ತಪ್ಪಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇವೆ. ಕಲಿಸುವವರು ಇದ್ದಾರೆ, ಎದುರಿನಿಂದ ಯಾರೂ ಬರುವುದಿಲ್ಲ, ಬಿದ್ದರೆ ಪಕ್ಕದಲ್ಲೇ ಆಂಬುಲೆನ್ಸ್ ಇರುತ್ತದೆ. ನಮ್ಮ ಬೆಂಗಳೂರಿನ ಬೈಕ್ ರೇಸರ್ ಸಿ.ಎಸ್. ಸಂತೋಷ್ 2015ರಲ್ಲಿ, ಮರಳುಗಾಡು ದಾಟುವ ಬಹಳ ಕಠಿಣ ರೇಸ್ ಆದ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. 2021ರ ಡಾಕರ್‌ನಲ್ಲಿ ಅವರೂ ಬಿದ್ದರು, ತಲೆಗೆ ಪೆಟ್ಟಾಗಿ ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ಒಯ್ದರು. ವರ್ಷಗಟ್ಟಲೆ ತಯಾರಿ, ಪೂರ್ತಿ ರಕ್ಷಣೆಯ ಬಟ್ಟೆ, ಕ್ಷಣದಲ್ಲಿ ಬರುವ ಹೆಲಿಕಾಪ್ಟರ್, ಇಷ್ಟೆಲ್ಲ ಇದ್ದುದರಿಂದ ಉಳಿದರು. ರಿಂಗ್ ರೋಡಿನಲ್ಲಿ ಚಪ್ಪಲಿ ಹಾಕಿಕೊಂಡು ಹೋಗುವವನ ಹತ್ತಿರ ಇದರಲ್ಲಿ ಏನಿದೆ ಹೇಳಿ?

ರಸ್ತೆಯಲ್ಲಿ ಯಾರಾದ್ರೂ ಬಿದ್ದಿದ್ರೆ ಹತ್ತಿರ ಹೋಗಬಹುದಾ? ಪೊಲೀಸ್ ಕೇಸ್ ಆಗುತ್ತಾ?

ಹೋಗಿ. ಸಹಾಯ ಮಾಡಿದವರ ಮೇಲೆ ಕೇಸ್ ಹಾಕುವ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಹೇಳುತ್ತದೆ. ನಿಮ್ಮ ಹೆಸರು, ವಿಳಾಸ ಕೊಡಲೇಬೇಕು ಅಂತ ಒತ್ತಾಯ ಮಾಡುವ ಹಾಗೂ ಇಲ್ಲ.

ಮೊದಲು ಹಿಂದಿನಿಂದ ಬರುವ ಗಾಡಿಗಳನ್ನು ನಿಲ್ಲಿಸಿ, ಒಬ್ಬರು ದೂರದಲ್ಲೇ ನಿಂತು ಕೈ ಬೀಸಲಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಕ್ರಾಸ್ ಹೆಸರು, ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಉಸಿರಾಟ ಸರಿ ಇದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ, ಎಬ್ಬಿಸಿ ಕೂರಿಸಬೇಡಿ, ಬಾಯಿಗೆ ನೀರು ಹಾಕಬೇಡಿ. ಕುತ್ತಿಗೆಗೆ ಪೆಟ್ಟಾಗಿದ್ದರೆ ಅಲ್ಲಾಡಿಸಿದಷ್ಟೂ ಕೆಡುತ್ತದೆ.

ನಾನು ಬಿದ್ದ ದಿನ ಆ ಹೊಟ್ಟು ತೂರುತ್ತಿದ್ದ ಹೆಣ್ಣುಮಕ್ಕಳೇ ಓಡಿ ಬಂದರು. ಎದ್ದೇಳಲು ಹೊರಟ ನನ್ನನ್ನು ಒಬ್ಬ ದೊಡ್ಡವ್ವ "ಸುಮ್ನೆ ಮಲಗು ತಮ್ಮಾ" ಅಂತ ಗದರಿಸಿ, ಎರಡೂ ಕೈಯಿಂದ ಹೆಲ್ಮೆಟ್ ಹಿಡಿದುಕೊಂಡು ಗಾಡಿ ಬರುವ ತನಕ ಬಿಡಲೇ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ತಲೆ ಅಲ್ಲಾಡದಂತೆ ಹಿಡಿದವರು ಯಾರು ಅಂತ ಕೇಳಿದರು. ಆಮೇಲೆ ಎರಡು ಸಲ ಆ ಕಡೆ ಹೋಗಿ ಹುಡುಕಿದೆ. ರಾಶಿ ಮುಗಿದಿತ್ತು, ಅವರು ಸಿಗಲಿಲ್ಲ.